ಇಬ್ಬರು ವಿಲ್ಕಿನ್

ಮೆರೆಗಿಲ್ಡಾ ಮನೆ ಚಪ್ಪಲಿಯಲ್ಲೇ ಓಡಿ ಬಂದು ಬೀದಿಯವರ ದುಡ್ಡು ಊರೂರಿಗೆ ಕಳಿಸಿಕೊಡುವ ಚಾಗೋನ ಅಂಗಡಿಯ ಕಟ್ಟೆಗೆ ಆತುಕೊಂಡು, ಅಂಗಿಯೊಳಗಿನಿಂದ ಹಣದ ಗಂಟು ತೆಗೆದಳು. ಕಳೆದ ಚಂಡಮಾರುತ ಹೊತ್ತೊಯ್ದ ತಗಡಿನ ಮಾಡನ್ನು ಮತ್ತೆ ಹೊದಿಸಲೆಂದು ವರ್ಷವಿಡೀ ಕಟ್ಟಿದ ಚೀಟಿಯ ಹಣ ಅವತ್ತೇ ಅವಳ ಕೈಗೆ ಬಂದಿತ್ತು.

"ಕಳಿಸಪ್ಪಾ ಬೇಗ. ರಾಜಧಾನೀಲಿ ನನ್ನ ಮಗ ವಿಲ್ಕಿನ್‌ನ ಪೊಲೀಸ್ರು ಹಿಡಿದಿಟ್ಟಿದ್ದಾರಂತೆ, ಬಿಡಿಸೋಕೆ ದುಡ್ಡು ಬೇಕಂತೆ. ಫೋನು ನೀರಿಗೆ ಬಿದ್ದು ದನಿ ಹೋಗಿದೆಯಂತೆ, ಬರೆಯೋಕಷ್ಟೇ ಆಗೋದಂತೆ. ಅಂಥಾ ಹೊತ್ತಲ್ಲೂ ನೋಡು, ಮೊದಲು 'ಆಶೀರ್ವಾದ ಮಾಡಮ್ಮಾ' ಅಂತ ಕೇಳಿ ಆಮೇಲೆ ಕಷ್ಟ ಹೇಳಿದಾನೆ ನನ್ನ ಚಿನ್ನ!"

ಚಾಗೋ ಗಂಟಿಗೆ ಕೈ ಹಾಕಿದ್ದ, ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಅಮ್ಮಾ, ದುಡ್ಡು ಕಳಿಸ್ಬೇಡ! ಫೋನ್ ಕಂಪನಿಯವನು ಅಂತ ಯಾವನೋ ಫೋನ್ ಮಾಡಿದ್ದ, ನನಗೆ ಬಂದ ಕೋಡ್ ಹೇಳ್ಬಿಟ್ಟೆ, ನನ್ನ ನಂಬರೇ ಕದ್ದುಬಿಟ್ಟ! ಇದು ಜೊತೆ ಕೆಲಸದವನ ಫೋನು!"

"ಆಶೀರ್ವಾದ ಕೇಳದೆ ಬಾಯಿ ಬಿಡೋನು ನನ್ನ ಹೊಟ್ಟೇಲಿ ಹುಟ್ಟಿಲ್ಲ. ಕಳ್ಳ ನನ್ಮಗನೇ, ಇಡು ಫೋನು!" ಎಂದು ಕತ್ತರಿಸಿದಳು.

ಮತ್ತೆ ಹೊಡೆದುಕೊಂಡಿತು. "ಅಮ್ಮಾ, ಆಶೀರ್ವಾದ ಮಾಡಮ್ಮಾ!"

"ಹೋ, ಈಗ ಕಲಿತುಕೊಂಡ್ಯಾ?"

ಚಾಗೋಗೆ ನಗು ತಡೆಯಲಾಗಲಿಲ್ಲ. "ಅಮ್ಮಾವ್ರೇ, ಒಂದು ಕೆಲಸ ಮಾಡಿ. ಇಬ್ಬರಿಗೂ ಒಂದೇ ಬೈಗುಳ ಬೈರಿ. ಹೆತ್ತವರಿಗೆ ಗೊತ್ತಾಗಲ್ವೇ?"

ಅದು ಅವಳಿಗೆ ಬಹಳ ಇಷ್ಟವಾಯಿತು. ಬೈಯುವುದಕ್ಕೆ ಅವಳಲ್ಲಿ ಸರಕಿನ ಕೊರತೆಯಿರಲಿಲ್ಲ. ಹೋದ ತಾಯಂದಿರ ದಿನ ಹುರಿದ ಮೀನು ಮಾಡಿಟ್ಟು ಕಾದರೂ ಮುಖ ತೋರಿಸಲಿಲ್ಲವಲ್ಲೋ, ನಾಚಿಕೆಗೆಟ್ಟವನೇ, ಎಂದು ಚಾಗೋನ ಕೈಲಿ ಬರೆಸಿ ಒಬ್ಬನಿಗೆ ಕಳಿಸಿದಳು. ಇನ್ನೊಬ್ಬನಿಗೆ ಬಾಯಲ್ಲೇ, ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಬರೆಯುವವನ ಉತ್ತರ ತಟ್ಟನೆ ಬಂತು: "ತಪ್ಪೆಲ್ಲ ನನ್ನದೇ ಅಮ್ಮಾ. ನಿನ್ನಂಥ ತಾಯಿಯನ್ನು ಪಡೆದ ನಾನೇ ಪುಣ್ಯವಂತ. ದಯವಿಟ್ಟು ಕ್ಷಮಿಸು."

ಮಾತಾಡುವವನು ಅಲ್ಲಿ ಸಿಡಿದೆದ್ದಿದ್ದ. "ಶುರು ಮಾಡ್ದೆಯಾ ಮತ್ತೆ! ಬಸ್ಸು ಕೆಟ್ಟು ನಿಂತಿತ್ತು ಅಂತ ಎಷ್ಟು ಸಲ ಬಡ್ಕೊಳ್ಲಿ? ಮಾರನೇ ದಿನ ಬಂದ್ನಲ್ಲ, ಬಾಗಿಲು ತೆಗೀದೆ ಕಿಟಕೀಲಿ ನಿಂತು ಅಣಕಿಸಿದ್ಯಾರು? ಆ ಮೀನೂ ನೀನೇ ಬೆಕ್ಕಿಗೆ ಹಾಕಿದ್ದೆ!"

ಮೆರೆಗಿಲ್ಡಾಳ ಮುಖ ಅರಳಿತು. "ಇವನೇ! ಇವನೇ ಕಣೋ ಚಾಗೋ, ನನ್ನ ಮಗ!" ಎನ್ನುತ್ತ ಗಂಟನ್ನು ಕಿತ್ತುಕೊಂಡು ಅಂಗಿಯೊಳಗೆ ತುರುಕಿ, ನಿಂತಲ್ಲೇ ಸೊಂಟ ಕುಲುಕಿ ಒಂದು ಸುತ್ತು ಕುಣಿದೇಬಿಟ್ಟಳು. "ದೇವರು ನಿನ್ನ ಚೆನ್ನಾಗಿಟ್ಟಿರಲಿ, ಬಾಯಿಬಡುಕ ನನ್ಮಗನೇ! ಈಗಲೇ ಕಂಪನಿ ಆಫೀಸಿಗೆ ಓಡು, ಆ ನಂಬರಿನ ಬಾಯಿ ಮುಚ್ಚಿಸು. ಬ್ಯಾಂಕಿಗೂ ಹೇಳು. ಈ ಬೀದಿ ನಾವು ನೋಡ್ಕೋತೀವಿ."

ಚಾಗೋ ಬಿಯರ್ ಪೆಟ್ಟಿಗೆಯ ಮೇಲೆ ಹತ್ತಿ ಕೂಗಿದ. "ಕೇಳ್ರಪ್ಪೋ! ವಿಲ್ಕಿನ್ ಹೆಸರಲ್ಲಿ ಬರೀತಿರೋನು ಕಳ್ಳ! ಯಾರೂ ದುಡ್ಡು ಕಳಿಸ್ಬೇಡಿ!"

ಒಂದೊಂದೇ ಬಾಗಿಲಿಂದ ಮುದುಕಿಯರು ಫೋನು ಹಿಡಿದು ಹೊರಬಿದ್ದರು. ಕಳ್ಳ ಅವರಿಗೂ ಆಶೀರ್ವಾದ ಕೇಳಿ ಬರೆದಿದ್ದ. ದುಡ್ಡನ್ನು ಯಾರೂ ಕಳಿಸಿರಲಿಲ್ಲ, ಆದರೆ ಆಶೀರ್ವಾದವನ್ನು ಎಲ್ಲರೂ ಕಳಿಸಿಯಾಗಿತ್ತು. "ನಾನಂತೂ ನೂರು ವರ್ಷ ಬಾಳು ಅಂದ್ಬಿಟ್ಟೆ ಕಣೇ!" ಎಂದು ಒಬ್ಬಳು ಹಣೆ ಚಚ್ಚಿಕೊಂಡಳು. "ನಾನು ಒಳ್ಳೇ ಹೆಂಡತಿ ಸಿಗಲಿ ಅಂದೆ. ವಾಪಸ್ ತಗೋಬಹುದಾ?" ಎಂದಳು ಇನ್ನೊಬ್ಬಳು. ಬೀದಿ ಬಿದ್ದು ಬಿದ್ದು ನಕ್ಕಿತು.

ನಗು ಇಳಿಯುವ ಮುಂಚೆ ಮೆರೆಗಿಲ್ಡಾ ತಾನೇ ಒಂದೊಂದೇ ಅಕ್ಷರ ಒತ್ತಿ ಕಳ್ಳನಿಗೆ ಬರೆದಳು: "ಆಶೀರ್ವಾದ ಎಷ್ಟು ಚೆನ್ನಾಗಿ ಕೇಳ್ತೀಯೋ ಮಗನೇ. ನಿನ್ನಮ್ಮನ್ನ ಯಾವಾಗ ಕೇಳಿದ್ದೆ?"

ಅವನು ಓದಿದನೆಂಬ ನೀಲಿ ಗುರುತು ಮೂಡಿತು. 'ಬರೆಯುತ್ತಿದ್ದಾರೆ' ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಮತ್ತೆ ನಿಂತಿತು. ಮುದುಕಿಯರೆಲ್ಲ ಒಬ್ಬಳ ಹೆಗಲ ಮೇಲೊಬ್ಬಳು ಬಗ್ಗಿ, ಮನೆಗೆ ತಡವಾದ ಹುಡುಗನ ದಾರಿ ನೋಡುವವರಂತೆ, ಆ ಪುಟ್ಟ ಗಾಜನ್ನೇ ನೋಡುತ್ತ ನಿಂತರು.