ನಾಲ್ಕನೆಯ ಸ್ವರ

ಗುರುವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ನವ್ಯಾಳ ಕೋಣೆಗೆ ಬಂದ ಶಾಹಿದಾ ಚಪ್ಪಲಿ ಕೂಡ ಕಳಚಲಿಲ್ಲ.

"ನನ್ನ ಸ್ವರ ಎಲ್ಲಿ ಹೋಯ್ತು ನವ್ಯಾ?"

ಪುತ್ತೂರಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ಕರೆಯುವ ಪ್ರೋಗ್ರಾಮು ಬರೆದವಳು ನವ್ಯಾ. ಪ್ರತಿ ನಂಬರನ್ನೂ ಅದು ಊರಿನ ಎಲ್ಲ ಭಾಷೆಗಳಲ್ಲಿ ಕರೆಯಬೇಕು. ಬ್ಯಾರಿ ಭಾಷೆಯ ಸ್ವರ ಪಕ್ಕದ ಮೆಡಿಕಲ್ ಶಾಪಿನ ಶಾಹಿದಾಳದ್ದು, ಹೊಸತಾಗಿ ಸೇರಿಸಿದ್ದು. ಅವಳ ಉಮ್ಮ, ಎಂದರೆ ತಾಯಿ, ಕಣ್ಣು ತೋರಿಸುವುದು ಅಲ್ಲೇ.

"ಉಮ್ಮ ಬೆಳಿಗ್ಗೆಯಿಂದ ಕೂತದ್ದು. ಕನ್ನಡದಲ್ಲಿ ಕರೆದಿದೆ, ತುಳುವಲ್ಲಿ ಕರೆದಿದೆ, ಮಲಯಾಳದಲ್ಲೂ ಕರೆದಿದೆ. ಎಲ್ಲ ಅರ್ಥ ಆಗ್ತದೆ ಅವರಿಗೆ. ಆದ್ರೂ ಏಳ್ಲಿಲ್ಲ. 'ನನ್ನ ಸ್ವರ ಬಂದ ಮೇಲೆ ಏಳಿ' ಅಂತ ನಾನೇ ಹೇಳಿದ್ದಲ್ವಾ? ಡಾಕ್ಟ್ರು ಹೋಗಿ ಆಯ್ತು. ಇನ್ನು ಬರುದು ಮುಂದಿನ ಗುರುವಾರ. ಅವರ ಕಣ್ಣು ಅಷ್ಟು ದಿನ ಕಾಯ್ತದಾ?"

ನವ್ಯಾ ಲ್ಯಾಪ್‌ಟಾಪ್ ತೆರೆದಳು. ಎನಮ್ಮಿನಲ್ಲಿ, ಎಂದರೆ ಪ್ರೋಗ್ರಾಮಿನ ಪಟ್ಟಿಯಲ್ಲಿ, ಐದೂ ಭಾಷೆಗಳಿದ್ದವು: ಕನ್ನಡ, ತುಳು, ಮಲಯಾಳ, ಅರೆಭಾಷೆ, ಬ್ಯಾರಿ. ಆದರೆ ಕನ್ನಡದಿಂದ ಹೊರಟು ಮಲಯಾಳಕ್ಕೆ ನಿಲ್ಲಬೇಕು ಎಂದು, ಆ ಪಟ್ಟಿಯನ್ನು ಒಂದೊಂದಾಗಿ ಸುತ್ತುವ ಲೂಪಿಗೆ ಹೇಳಿದವಳು ಅವಳೇ. ಬ್ಯಾರಿ ಆಮೇಲೆ ಕೊನೆಯಲ್ಲಿ ಬಂದು ಕೂತಿತು, ನಿಲ್ಲುವ ಜಾಗ ಮಾತ್ರ ಬದಲಾಗಲಿಲ್ಲ. ಬರೆದದ್ದರಲ್ಲಿ ತಪ್ಪು ಹುಡುಕಿ ಚಿಕ್ಕಪುಟ್ಟದಕ್ಕೆಲ್ಲ ರಂಪ ಮಾಡುವ ಕಂಪೈಲರ್ ಇದಕ್ಕೆ ಬಾಯಿ ಬಿಡಲಿಲ್ಲ. ಅರ್ಧ ದಾರಿಯಲ್ಲಿ ನಿಲ್ಲುವುದು ಅದರ ಪ್ರಕಾರ ತಪ್ಪಲ್ಲ.

"ಮಲಯಾಳಕ್ಕೆ ಎಂತಕ್ಕೆ ನಿಲ್ಸಿದ್ದು?"

"ಅರೆಭಾಷೆಗೆ ಸ್ವರ ಇರ್ಲಿಲ್ಲ."

"ನೀನು ಸುಳ್ಯದವಳಲ್ವಾ? ಮನೆಯಲ್ಲಿ ಅದನ್ನೇ ಅಲ್ವಾ ಮಾತಾಡುದು?"

ಹಾಸ್ಟೆಲಿನಲ್ಲಿ ನವ್ಯಾಳ ಮಾತು ಕೇಳಿ ಬಿದ್ದು ಬಿದ್ದು ನಕ್ಕವರಿದ್ದರು. ಅಂದಿನಿಂದ ಅರೆಭಾಷೆ ಅವಳ ಪಾಲಿಗೆ ಮನೆಯ ಬಾಗಿಲಿನ ಒಳಗಿನದು.

ಅವಳು ಲೂಪನ್ನು ಬದಲಿಸಿದಳು. ಎಲ್ಲಿ ನಿಲ್ಲಬೇಕೆಂದು ಇನ್ನು ಯಾರೂ ಹೇಳುವುದು ಬೇಡ, ಎನಮ್ಮಿನಲ್ಲಿ ಇರುವಷ್ಟನ್ನೂ ಅದು ಸುತ್ತಬೇಕು, ಪ್ರತಿಯೊಂದಕ್ಕೂ ಸ್ವರ ಇರಲೇಬೇಕು. ಈಗ ಕಂಪೈಲರ್ ಬಾಯಿ ಬಿಟ್ಟಿತು. ಅರೆಭಾಷೆಗೆ ಸ್ವರವಿಲ್ಲ, ಮುಂದೆ ಹೋಗುವುದಿಲ್ಲ ಎಂದಿತು.

"ಆ ಹೆಸರನ್ನೇ ಅಳಿಸಿದ್ರೆ ಆಯ್ತು," ಎಂದಳು ನವ್ಯಾ. "ಆ ಭಾಷೆಯವರಿಗೆಲ್ಲ ಹೇಗೂ ಕನ್ನಡ ಬರ್ತದೆ."

"ಉಮ್ಮನಿಗೂ ಬರ್ತದೆ ಮಾರಾಯ್ತಿ."

ಅಳಿಸಲು ಹೋದ ಬೆರಳು ತಡೆದು ನಿಂತಿತು. ನವ್ಯಾಳಿಗೆ ನಾಚಿಕೆಯಾಯಿತು. ಶಾಹಿದಾಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಮೈಕನ್ನು ಹತ್ತಿರ ಎಳೆದುಕೊಂಡಳು.

ಮುಂದಿನ ಗುರುವಾರ ಉಮ್ಮ ಅದೇ ಬೆಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಶಾಹಿದಾ. ನವ್ಯಾ ಗೋಡೆಗೆ ಒರಗಿ ನಿಂತಿದ್ದಳು. ಉಮ್ಮನ ಟೋಕನ್ ಬಂತು. ಮೂರು ಭಾಷೆ ಮುಗಿದರೂ ಉಮ್ಮ ಮಿಸುಕಲಿಲ್ಲ. ನವ್ಯಾಳ ಸ್ವರದಲ್ಲಿ ಅರೆಭಾಷೆ ಅಳುಕುತ್ತ ಬಂತು, ಆಮೇಲೆ ಮಗಳ ಸ್ವರ. ಉಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ಡಾಕ್ಟರ ಬಾಗಿಲಿನ ಹತ್ತಿರ ಮಾತ್ರ ಒಂದು ಗಳಿಗೆ ನಿಂತು, ನವ್ಯಾಳ ಎದುರಿನಲ್ಲೇ ಮಗಳನ್ನು ಕೇಳಿದರು:

"ನಿನಗಿಂತ ಮೊದಲು ಕರೆದ ಆ ಹುಡುಗಿ ಯಾರು? ಪಾಪ, ಅವಳಿಗೆ ಯಾರು ಬೈದದ್ದು?"