ಸೊನ್ನೆ ತೋರಿಸಿದ ಮೀಟರ್

ಮೀಟರ್ ಸೊನ್ನೆ ತೋರಿಸಿತು. ತಂಗಿ ಆ ಪುಟ್ಟ ಕೈಮೀಟರಿನ ಕಡ್ಡಿಗಳನ್ನು ತೆಗೆದು, ಬೋರ್ಡಿನ ವೈರಿನ ತುದಿಗಳನ್ನು ಒರೆಸಿ, ಮತ್ತೆ ಮುಟ್ಟಿಸಿದಳು. ಮತ್ತೆ ಸೊನ್ನೆಯೇ. ಮೇಜಿನ ಮೇಲೆ ಅಂಗಾತ ಮಲಗಿದ್ದ ಔಷಧಿ ಅಂಗಡಿಗೆ ಮಾಡಿಕೊಡಬೇಕಿದ್ದ ಎಲ್‌ಇಡಿ ಬೋರ್ಡಿನಲ್ಲಿ ಒಂದು ದೀಪವೂ ಉಸಿರೆತ್ತಲಿಲ್ಲ.

"ಅಡ್ಡ ಹಿಡಿದಿರ್ತೀಯ," ಕಿಟಕಿ ಪಕ್ಕದ ಕುರ್ಚಿಯಿಂದಲೇ ಅಕ್ಕ ಹೇಳಿದಳು. "ಕರೆಂಟ್ ಅಳೀಬೇಕಾದ್ರೆ ವೈರ್ ಬಿಡಿಸಿ, ಮಧ್ಯದಲ್ಲಿ ಮೀಟರ್ ಕೂರಿಸ್ಬೇಕು. ಎಷ್ಟು ಸಲ ಬಾಯಿ ನೋಯಿಸ್ಕೊಳ್ಳಲಿ?"

"ಮಧ್ಯದಲ್ಲೇ ಕೂರಿಸಿದ್ದೀನಿ, ಮಹಾತಾಯಿ."

"ಮೀಟರಿನ ಕೆಂಪು ವೈರ್ ಯಾವ ತೂತಲ್ಲಿದೆ?"

"ಕರೆಂಟಿನ ತೂತಲ್ಲೇ. ಗುಂಡಿನೂ ಸರಿಯಾಗಿ ತಿರುಗಿಸಿದ್ದೀನಿ. ಹೊಸ ಸೆಲ್ಲೂ ಹಾಕಿದ್ದೀನಿ. ಇನ್ನೇನಾದ್ರೂ ಇದ್ರೆ ಕೇಳು."

ಅಕ್ಕ ಹೊದ್ದ ಶಾಲನ್ನು ಎಳೆದುಕೊಂಡಳು. "ಹಾಗಾದ್ರೆ ಬೋರ್ಡೇ ಕೆಟ್ಟಿರುತ್ತೆ, ಬಿಡು. ಮಧ್ಯಾಹ್ನ ನಮ್ಮ ಈ ಅಂಗಡಿ ಕೊಳ್ಳೋಕೆ ಬರೋರಿದ್ದಾರಲ್ಲ, ಅವರೇ ನೋಡ್ಕೊಳ್ಳಲಿ."

ಎಲ್‌ಇಡಿ ಬೋರ್ಡು ತಯಾರಿಸುವ ಈ ಅಂಗಡಿ ಅಕ್ಕನದು. ಬೀದಿಯ ಅರ್ಧ ಬೆಳಕು ಅವಳ ಕೈಯಿಂದಲೇ ಆದದ್ದು. ನರದ ಕಾಯಿಲೆಯಿಂದ ಬಲಗೈ ನಡುಗತೊಡಗಿದ ಮೇಲೆ ಅವಳು ಆ ಕೈಯನ್ನು ಶಾಲಿನೊಳಗೆ ಅಡಗಿಸಿಕೊಂಡು ಕೂತವಳು ಎದ್ದಿರಲಿಲ್ಲ. ನಿಧಾನವಾಗಿ ಕೆಲಸ ಮಾಡಿಸುತ್ತಿದ್ದರೆ ಕೈ ಪಳಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಸ್ಕ್ರೂಡ್ರೈವರನ್ನು ಕೂಡ ಮುಟ್ಟಿರಲಿಲ್ಲ. "ನಂಗೆ ಇದರ ಆಸೇನೇ ಬಿಟ್ಟುಹೋಯ್ತು ಕಣೇ," ಎಂದು ಬಂದವರೆದುರಿಗೆಲ್ಲ ನಗುತ್ತಲೇ ಹೇಳುತ್ತಿದ್ದಳು. ಒಪ್ಪಿಕೊಂಡ ಕೆಲಸವನ್ನಾದರೂ ಮುಗಿಸೋಣವೆಂದು ತಂಗಿ ತನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಲ್ಲಿಗೆ ಬಂದಿದ್ದಳು.

ಬೋರ್ಡು ಎಷ್ಟು ಕರೆಂಟ್ ಎಳೆಯುತ್ತದೆಂದು ತಿಳಿಯದೆ ಅದಕ್ಕೆ ಹೊಸ ಅಡಾಪ್ಟರ್ ಹಾಕುವಂತಿರಲಿಲ್ಲ. ತಂಗಿ ಮೀಟರನ್ನು ಪಕ್ಕಕ್ಕೆ ಸರಿಸಿ, ಬಿಡಿಸಿದ್ದ ವೈರಿನ ಎರಡೂ ತುದಿಗಳನ್ನು ನೇರವಾಗಿ ಒಂದಕ್ಕೊಂದು ತಾಗಿಸಿದಳು. ಬೋರ್ಡು ಝಗ್ಗೆಂದು ಹೊತ್ತಿಕೊಂಡಿತು. ನಡುವೆ ಮೀಟರ್ ಇಟ್ಟಳು, ಆರಿತು.

"ಬೋರ್ಡ್ ಗಟ್ಟಿಯಾಗೇ ಇದೆ, ಅಕ್ಕ. ದಾರ ಕಿತ್ತಿರೋದು ಮೀಟರ್ ಒಳಗೆ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ತಂಗಿ ಮೀಟರಿನ ಬೆನ್ನು ಬಿಚ್ಚಿದಳು. ಒಳಗಿದ್ದ ಪುಟ್ಟ ಗಾಜಿನ ಫ್ಯೂಸ್ ಕಪ್ಪಿಟ್ಟಿತ್ತು. ನಿನ್ನೆ ಸಂಜೆ ಇದೇ ಮೀಟರಿನಿಂದ ಅವಳು ಇನ್ನೊಂದು ಬೋರ್ಡಿನ ಕರೆಂಟ್ ಅಳೆದಿದ್ದಳು, ಆಗ ಸರಿಯಾಗಿಯೇ ಇತ್ತು. ಕೆಂಪು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಮೊನೆ ಕರಗಿ ಮೊಂಡಾಗಿತ್ತು. ಅಕ್ಕನ ಕುರ್ಚಿಯ ಹಿಂದೆ ಗೋಡೆಯಲ್ಲಿದ್ದ ಪ್ಲಗ್ಗಿನ ಒಂದು ತೂತಿನ ಸುತ್ತ ಹೊಸ ಮಸಿ ಮೆತ್ತಿಕೊಂಡಿತ್ತು.

ಅವಳಿಗೆ ಎಲ್ಲವೂ ಅರ್ಥವಾಯಿತು. ಬೆಳಿಗ್ಗೆ ತಾನು ಬರುವ ಮೊದಲು ಅಕ್ಕ ಕುರ್ಚಿ ಬಿಟ್ಟು ಎದ್ದಿದ್ದಾಳೆ. ಮೀಟರ್ ಕೈಗೆತ್ತಿಕೊಂಡಿದ್ದಾಳೆ. ಕೆಂಪು ವೈರು ನಿನ್ನೆ ತಾನು ಬಿಟ್ಟುಹೋದ ಹಾಗೆ ಕರೆಂಟಿನ ತೂತಿನಲ್ಲೇ ಇತ್ತು. ವೋಲ್ಟೇಜ್ ನೋಡಲು ಅದನ್ನು ಬೇರೆ ತೂತಿಗೆ ಬದಲಿಸಬೇಕಿತ್ತು; ಅದನ್ನು ಗಮನಿಸದೆ ಪ್ಲಗ್ಗಿನ ವೋಲ್ಟೇಜ್ ನೋಡಹೋಗಿದ್ದಾಳೆ. ಫಟ್ಟೆಂದು ಕಿಡಿ ಹಾರಿದೆ. ಆಮೇಲೆ ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು, ಶಾಲು ಹೊದ್ದು ಕೂತಿದ್ದಾಳೆ. ಮೀಟರ್ ಸೊನ್ನೆ ತೋರಿಸಿದರೆ ಬೇರೆ ಯಾರಿಗಾದರೂ "ಮೊದಲು ಫ್ಯೂಸ್ ನೋಡು" ಎಂದು ಗದರುತ್ತಿದ್ದವಳು, ಇವತ್ತು ಎಲ್ಲವನ್ನೂ ಕೇಳಿ ಫ್ಯೂಸಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಶಾಕ್ ಹೊಡೆದು ಏನಾದರೂ ಹೆಚ್ಚುಕಡಿಮೆ ಆಗಿದ್ದರೆ? ತಂಗಿಗೆ ಬೈಗುಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

"ಏನಾಗಿದೆ ಅದಕ್ಕೆ?" ತಿರುಗದೆಯೇ ಅಕ್ಕ ಕೇಳಿದಳು.

"ಫ್ಯೂಸ್ ಹೋಗಿದೆ. ಹಳೇದಲ್ವಾ."

"ಹೂಂ. ಹಳೇದು."

ತಂಗಿ ಬೇರೆ ಫ್ಯೂಸ್ ಕೂರಿಸಿ ಬೆನ್ನು ಮುಚ್ಚಿದಳು. ಮೊನೆ ಕರಗಿದ ಕಡ್ಡಿಯನ್ನು ತೆಗೆದಿಟ್ಟು ಹೊಸದನ್ನು ಸಿಕ್ಕಿಸಿದಳು. ಮೇಜಿನ ಡ್ರಾಯರ್ ಎಳೆದರೆ ಮೇಲೆಯೇ ಕ್ಲಿಪ್ಪುಗಳಿದ್ದವು. ಅವುಗಳಿಂದ ಕಡ್ಡಿಗಳನ್ನು ವೈರಿಗೆ ಕಚ್ಚಿಸಿಬಿಟ್ಟರೆ ಯಾರೂ ಕೈಯಲ್ಲಿ ಹಿಡಿಯಬೇಕಾಗಿರಲಿಲ್ಲ. ಅವಳು ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು.

"ಅಕ್ಕ, ಸ್ವಲ್ಪ ಬಾ. ಇದನ್ನ ಹಿಡ್ಕೊಳ್ಳೋಕೆ ನಂಗೆ ಕೈ ಸಾಲ್ತಿಲ್ಲ."

"ಕ್ಲಿಪ್ ಹಾಕು."

"ಕಾಣಿಸ್ತಿಲ್ಲ."

ಅಕ್ಕ ಡ್ರಾಯರಿನ ಕಡೆ ನೋಡಿದಳು. ತಂಗಿಯನ್ನು ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ತಂಗಿ ಕಿವಿಯವರೆಗೂ ಕೆಂಪಾಗಿದ್ದಳು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹಾದುಹೋಯಿತು. ಅಕ್ಕ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಬಂದಳು.

ಎಡಗೈಯಲ್ಲಿ ಕಪ್ಪು ಕಡ್ಡಿ, ಬಲಗೈಯಲ್ಲಿ ಕೆಂಪು ಕಡ್ಡಿ. ಕೆಂಪು ಮೊನೆ ವೈರನ್ನು ಮುಟ್ಟಿತು, ಜಾರಿತು, ಮತ್ತೆ ಮುಟ್ಟಿತು. ಕೈ ನಡುಗಿದ ಹಾಗೆಲ್ಲ ಇಡೀ ಬೋರ್ಡು ಹತ್ತಿ ಆರುತ್ತಿತ್ತು. ಗೋಡೆ, ಮೇಜು, ಇಬ್ಬರ ಮುಖಗಳೂ ಒಮ್ಮೆ ಹಸಿರು, ಒಮ್ಮೆ ಕತ್ತಲು. ಅಕ್ಕ ಕೆಳತುಟಿ ಕಚ್ಚಿಕೊಂಡು, ಮೊಣಕೈಯನ್ನು ಮೇಜಿಗೆ ಊರಿ ಬಾಗಿದಳು. ಬೆಳಕಿನ ಮಿಣುಕಾಟ ಒಂದಿಷ್ಟು ತಗ್ಗಿತು.

ಅಷ್ಟರಲ್ಲಿ ಕುರ್ಚಿಯ ಮೇಲಿದ್ದ ಅಕ್ಕನ ಫೋನು ಬಡಿದುಕೊಳ್ಳತೊಡಗಿತು.

"ಅಂಗಡಿ ನೋಡೋಕೆ ಬರೋರಿರ್ಬೇಕು," ತಂಗಿ ಎಂದಳು. "ತಗೊಳ್ಳಲಾ?"

"ಬಡ್ಕೊಳ್ಳಲಿ ಬಿಡು, ನನ್ನ ಎರಡೂ ಕೈಲಿ ಕೆಲಸ ಇದೆ," ಅಕ್ಕ ತಲೆ ಎತ್ತದೆ ಗದರಿದಳು. "ನನ್ನ ಮುಖ ಏನೇ ನೋಡ್ತಾ ನಿಂತಿದ್ದೀಯ? ಮೀಟರ್ ನೋಡು."