ಹನ್ನೆರಡನೆಯ ಸಿನಿಮಾ

ಡಿಸ್ಕ್ ವಿಭಾಗಕ್ಕೆ ಶಾಶ್ವತವಾಗಿ ಬೀಗ ಬೀಳಲು ಇನ್ನೆರಡು ಗಂಟೆ ಇದೆ ಎನ್ನುವಾಗ ವಯಸ್ಸಾದವರೊಬ್ಬರು ಕೌಂಟರಿನ ಮುಂದೆ ಬಂದು ನಿಂತರು. ಕೈಯಲ್ಲಿ ಕಂಪನಿಯದೇ ಹಳದಿ ಲಕೋಟೆ. "ಅಂಚೆಗೆ ಹಾಕಿದ್ರೆ ಇವತ್ತು ಮುಟ್ಟಲ್ಲ ಅಂತ ನಾನೇ ತಂದೆ. ಡ್ರಾಯಿಂಗ್ ಮೇಷ್ಟ್ರು ನಾನು, ರಿಟೈರಾಗಿ ಹತ್ತು ವರ್ಷ ಆಯ್ತು," ಎಂದರು, ಯಾರೂ ಕೇಳದಿದ್ದರೂ.

ಡಿಸ್ಕಕ್ಕ ಕುರ್ಚಿ ತೋರಿಸಿದಳು. ಮೇಲಿನ ಮಹಡಿಗಳ ಹುಡುಗರು ಅವಳಿಗೆ ಇಟ್ಟ ಹೆಸರು ಅದು. ಕಂಪನಿ ಎರಡೇ ಕೋಣೆಯಲ್ಲಿ ಶುರುವಾದಾಗ, ಮಾಲೀಕರೇ ಕೂತು ಲಕೋಟೆಗೆ ಅಂಟು ಹಚ್ಚುತ್ತಿದ್ದ ಕಾಲದಲ್ಲಿ, ಕೆಲಸಕ್ಕೆ ಸೇರಿದ ಏಳನೆಯವಳು ಅವಳು. ಆಗ ಚಂದಾದಾರರು ಬೇಕಾದ ಸಿನಿಮಾಗಳ ಪಟ್ಟಿ ಕೊಟ್ಟರೆ ಒಂದೊಂದೇ ಡಿಸ್ಕ್ ಅಂಚೆಯಲ್ಲಿ ಮನೆಗೆ ಹೋಗುತ್ತಿತ್ತು. ಅದು ವಾಪಸು ಬಂದರೆ ಮುಂದಿನದು. ಈಗ ಕಂಪನಿಗೆ ಏಳು ಮಹಡಿ. ಸಿನಿಮಾ ನೇರ ಫೋನಿಗೇ ಬರುತ್ತದೆ, ಯಾರಿಗೆ ಯಾವುದು ಹಿಡಿಸೀತು ಎಂದು ಯಂತ್ರವೇ ಹೇಳುತ್ತದೆ. ನೆಲಮಾಳಿಗೆಯ ಅವಳ ಕಪಾಟುಗಳು ಮಾತ್ರ ಬೇಡದ ನೆಂಟರಂತೆ ಇಷ್ಟು ದಿನ ಉಳಿದುಕೊಂಡಿದ್ದವು.

ಬೆಳಿಗ್ಗೆ ಬೀಳ್ಕೊಡುಗೆಯಲ್ಲಿ ಮ್ಯಾನೇಜರು, "ಯಂತ್ರ ಮಾಡೋ ಕೆಲಸಾನ ಇವರು ಕೈಯಲ್ಲಿ ಮಾಡ್ತಿದ್ರಂತೆ!" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಆದರೆ ಮಾತು ಎದೆಗೆ ನಾಟಿತ್ತು. ಇಷ್ಟು ವರ್ಷಗಳಲ್ಲಿ ಒಬ್ಬರು, ಒಂದೇ ಒಂದು ಸಲ, ಈ ಸಿನಿಮಾ ಆರಿಸಿದವರು ಯಾರು ಎಂದು ಕೇಳಿದ್ದರೆ ಸಾಕಿತ್ತು.

"ಎಂಟು ತಿಂಗಳು ಇಟ್ಕೊಂಡಿದ್ದೀರಲ್ಲ ಮೇಷ್ಟ್ರೇ ಈ ಡಿಸ್ಕನ್ನ?" ಲಕೋಟೆಯ ಮೇಲಿನ ತಾರೀಖು ನೋಡಿ ಕೇಳಿದಳು.

"ಹೆದರಿಕೆ ತಾಯಿ. ಪಟ್ಟಿ ಮಾಡಿದ್ದು ನನ್ನ ಹೆಂಡತಿ. ನನಗೆ ಕಂಪ್ಯೂಟರ್ ಬರಲ್ಲ. ಅವಳು ಹೋಗಿ ಆರು ವರ್ಷ ಆಯ್ತು, ಸಿನಿಮಾ ಬರೋದು ಮಾತ್ರ ನಿಲ್ಲಲಿಲ್ಲ. ಇದನ್ನ ಕಳಿಸಿಬಿಟ್ಟು, ಮುಂದಿನದು ಬರದೇ ಹೋದ್ರೆ?" ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇದ್ದಾಗ ಅವಳಿಗೆ ಬರೀ ಅಳೋ ಸಿನಿಮಾನೇ ಬೇಕು. ನಿಮಗೇನಿಷ್ಟ ಅಂತ ಒಂದಿನ ಕೇಳಿದವಳಲ್ಲ ಅಂತ ನನಗೆ ಒಳಗೊಳಗೇ ಮುನಿಸು. ನೋಡಿದ್ರೆ, ಆಮೇಲಾಮೇಲೆ ಎಂಥೆಂಥಾದ್ದು ಕಳಿಸಿದ್ಲು! ಬೆಟ್ಟ ಹತ್ತೋರದು, ನಾಯಿ ಸಾಕೋರದು, ಹೊಟ್ಟೆ ಹುಣ್ಣಾಗೋ ಹಾಗೆ ನಗಿಸೋದು... ಎಲ್ಲಾ ಗೊತ್ತಿತ್ತು ಅವಳಿಗೆ. ಆ ಪಟ್ಟಿ ಒಂದು ಪ್ರಿಂಟ್ ಕೊಡ್ತೀರಾ? ಇಟ್ಕೋತೀನಿ."

ಡಿಸ್ಕಕ್ಕ ಅವರ ಖಾತೆ ತೆರೆದಳು. ಹೆಂಡತಿ ಹಾಕಿದ್ದು ಹನ್ನೊಂದು ಸಿನಿಮಾ. ಆಮೇಲಿನ ಅರವತ್ತೆರಡರ ಮುಂದೆಯೂ ‘ಸೇರಿಸಿದವರು: ಸಿಬ್ಬಂದಿ ೭’ ಎಂದಿತ್ತು. ಯಾರ ಪಟ್ಟಿಯೂ ಬರಿದಾಗಬಾರದು, ಬರಿದಾದರೆ ನೀವೇ ನೋಡಿ ಒಂದು ಕಳಿಸಿ ಎಂದು ಮಾಲೀಕರು ಮೊದಲ ವರ್ಷ ಮಾಡಿದ್ದ ನಿಯಮ. ಮಾಡಿದವರು ಮರೆತರು, ಅವಳು ಮರೆತಿರಲಿಲ್ಲ. ಈ ಮನೆಯಿಂದ ಬರುವ ಲಕೋಟೆಗಳ ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ ಬೆಟ್ಟ, ನಾಯಿ, ನಗುವ ಮುಖ ಕಂಡು, ಅದರ ಜಾಡು ಹಿಡಿದು ಒಂದೊಂದನ್ನೂ ಆರಿಸಿದ್ದಳು. ಪಟ್ಟಿ ಮಾಡಿದವರು ಇಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆರಿಸುತ್ತಿರುವುದು ಬೇರೆಯವರು ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

‘ಅದು ನಾನು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮೇಷ್ಟ್ರ ಮುಖ ನೋಡಿ ನುಂಗಿಕೊಂಡಳು. "ಹೌದು, ಎಲ್ಲಾ ನಿಮ್ಮ ಮನೆಯವರೇ ಹಾಕಿದ್ದು. ಪ್ರಿಂಟರ್ ಕೆಟ್ಟಿದೆ, ಕೈಯಲ್ಲೇ ಬರ್ಕೊಡ್ತೀನಿ," ಎಂದು ಕಾಗದ ತೆಗೆದಳು. ಹನ್ನೊಂದರವರೆಗೆ ಪರದೆ ನೋಡಿಕೊಂಡು ಬರೆದಳು. ಆಮೇಲೆ ನೋಡುವ ಅಗತ್ಯ ಬೀಳಲಿಲ್ಲ.

ಮೇಷ್ಟ್ರು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಓದಿದರು. ಹನ್ನೆರಡನೆಯದರ ಹತ್ತಿರ ಬೆರಳು ನಿಂತಿತು. "ಇದೊಂದರಲ್ಲಿ ಮಾತ್ರ ಎಡವಿದ್ಲು ನೋಡಿ. ಶುದ್ಧ ಬೋರು. ಇಬ್ಬರು ಮುದುಕರು ದೋಣಿಗೆ ಬಣ್ಣ ಬಳೀತಾರೆ, ಬಳೀತಾರೆ, ಬಳೀತಾನೇ ಇರ್ತಾರೆ."

"ಪೂರ್ತಿ ನೋಡಿದ್ರಾ?" ಡಿಸ್ಕಕ್ಕನ ದನಿ ಏರಿತು.

"ಎಲ್ಲಿಂದ! ಅರ್ಧಕ್ಕೇ ನಿದ್ದೆ ಬಂತು."

"ಅರ್ಧಕ್ಕೇ ಮಲಗಿಬಿಟ್ರೆ ಹೇಗೆ ಮೇಷ್ಟ್ರೇ? ಕೊನೇ ಹತ್ತು ನಿಮಿಷ ನಿಮಗೆ ಇಷ್ಟ ಆಗತ್ತೆ ಅಂತಾನೇ ಅದನ್ನ ಕಳಿಸಿ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರು ಅವಳನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವರು, "ಆ ಡಿಸ್ಕ್ ಇನ್ನೂ ಇದೆಯಾ?" ಎಂದು ಕೇಳಿದರು.

"ಇದೆ."

"ಕೊಡಿ. ಇವತ್ತು ಎಚ್ಚರವಾಗಿರ್ತೀನಿ."

ಅವಳು ಡಿಸ್ಕ್ ತರುವಷ್ಟರಲ್ಲಿ ಮೇಷ್ಟ್ರು ಜೇಬಿನಿಂದ ಪೆನ್ಸಿಲು ತೆಗೆದು, ಹನ್ನೊಂದನೆಯ ಹೆಸರಿನ ಕೆಳಗೆ ಒಂದು ಗೆರೆ ಎಳೆದಿದ್ದರು. "ಅಳೋ ಸಿನಿಮಾ ಇಲ್ಲಿಗೇ ಮುಗಿಯತ್ತೆ. ಇದರ ಮೇಲಿನವು ಅವಳವು," ಎಂದರು. ಆಮೇಲೆ ಪಟ್ಟಿಯನ್ನೂ ಪೆನ್ಸಿಲನ್ನೂ ಅವಳ ಕಡೆಗೆ ತಳ್ಳಿದರು.

"ಚಿತ್ರದ ಕೆಳಗೆ ಹೆಸರು ಹಾಕದೆ ಕೊಟ್ರೆ ನಾನು ಮಕ್ಕಳಿಗೆ ಮಾರ್ಕೇ ಕೊಡ್ತಿರಲಿಲ್ಲ. ಹಾಕಿ."